ಚಕ್ಕುಬಂದಿ ಮತ್ತು ಚಕ್ಕುಲಿ

ಮಲೆನಾಡಿನ ಪುಟ್ಟ ತಾಲ್ಲೂಕೊಂದರಲ್ಲಿ 22 ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಕಕ್ಷಿದಾರರಿಗೆ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಯಾವ ಕಾಯ್ದೆಯಲ್ಲೂ ಇಲ್ಲ: "ನೋಡಿ ಹೇಳುತ್ತೇನೆ, ಗಾಬರಿಯಾಗಬೇಡಿ, ಕೇಸು ಚೆನ್ನಾಗಿದೆ." ಕರಿಕೋಟಿನ ಜೊತೆಗೇ ನನ್ನ ಸೀನಿಯರ್ ದಯಪಾಲಿಸಿದ ಮಂತ್ರವದು. ಕಕ್ಷಿದಾರ ಅಡಿಕೆ ತೋಟದಲ್ಲಿರುತ್ತಿದ್ದ, ನ್ಯಾಯಾಲಯ ಮೂವತ್ತು ಕಿಲೋಮೀಟರ್ ದೂರದಲ್ಲಿರುತ್ತಿತ್ತು, ನಡುವೆ ನಾನಿರುತ್ತಿದ್ದೆ. ಸುಖವಾಗಿಯೇ ಇದ್ದೆ.

ಆಮೇಲೆ ಇ-ಕೋರ್ಟ್ಸ್ ಆ್ಯಪ್ ಬಂತು. ಪ್ರತಿ ಪ್ರಕರಣಕ್ಕೂ ಅಕ್ಷರ, ಅಂಕಿ ಸೇರಿ 16 ಮನೆಯ ಒಂದು ಸಿಎನ್‌ಆರ್ ಸಂಖ್ಯೆ. ಅದನ್ನು ಒತ್ತಿದರೆ ಕೇಸಿನ ಜಾತಕವೆಲ್ಲ ಅಂಗೈಯಲ್ಲಿ. ನನ್ನ ಕಕ್ಷಿದಾರರಲ್ಲೊಬ್ಬರಾದ ರಾಯರಿಗೆ 74 ವರ್ಷ. ತೋಟದ ದಾರಿಯ ವಿಚಾರದಲ್ಲಿ ಖಾಸಾ ತಮ್ಮನ ಮೇಲೆ ದಾವೆ ಹೂಡಿದ್ದಾರೆ. ಸ್ವಂತ ಮದುವೆಯ ಇಸವಿಯನ್ನು ಹೆಂಡತಿಯನ್ನು ಕೇಳಿ ಹೇಳುವ ಈ ರಾಯರಿಗೆ ಆ 16 ಮನೆ ಮಾತ್ರ ಕಂಠಪಾಠ.

ಕಳೆದ ಫೆಬ್ರವರಿಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶ ರಾಯರ ಕೇಸಿನ ದಿನವೇ ಬಂತು. ಜೂನಿಯರ್‌ಗೆ ಹೇಳಿದ್ದೆ, ಅವನು ಇನ್ನೊಂದು ಹಾಲ್‌ನಲ್ಲಿ ಸಿಕ್ಕಿಕೊಂಡಿದ್ದನಂತೆ. ಸಂಜೆ ಆರಕ್ಕೆ ರಾಯರ ಫೋನು.

"ವಕೀಲರೇ, ನಮ್ಮದು ಏನಾಯಿತು?"

"ಮುಂದಕ್ಕೆ ಹೋಯಿತು ರಾಯರೇ. ಇವತ್ತು ಬೋರ್ಡು ತುಂಬಿತ್ತು, ನಮ್ಮ ಸರದಿ ಬರಲೇ ಇಲ್ಲ."

"ಹೌದೇ? ಇದರಲ್ಲಿ 'ವಾದಿ ಪರ ವಕೀಲರು ಗೈರು' ಎಂದಿದೆಯಂತಲ್ಲ. ಮೊಮ್ಮಗಳು ಓದಿ ಹೇಳಿದಳು."

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರಾಯರೇ ಕೇಳಿದರು: "ಹೋಳಿಗೆ ಹೇಗಿತ್ತು?"

ನನ್ನ ಹೆಂಡತಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಪಂಕ್ತಿಯ ಫೋಟೋ ಹಾಕಿದ್ದಳು. ನಡುಎಲೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಬಾಯಿ ತೆರೆದು ಕುಳಿತವನು ನಾನೇ. ಕೋರ್ಟಿನ ಭಾಷೆಯಲ್ಲಿ ವಾದಿಯ ಕಡೆಯ ದಾಖಲೆಗಳು ಎರಡು: ಆ್ಯಪ್ ನಿಪಿ-1, ಫೋಟೋ ನಿಪಿ-2. ಪಾಟೀಸವಾಲು ಇಲ್ಲವೆಂದು ಎದ್ದು ಹೋಗುವುದೊಂದೇ ನನಗೆ ಉಳಿದಿದ್ದ ದಾರಿ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ನಮ್ಮ ಟೈಪಿಸ್ಟ್ ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ, ಬಾಯಲ್ಲಿ ಹೇಳಿದರೆ ಫೋನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ ಎಂದು ಯಾರೋ ಹೇಳಿದರು. ರಾತ್ರಿ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಒಂದು ದಾವೆಯನ್ನು ಪೂರ್ತಿ ಹೇಳಿ ಮುಗಿಸಿದೆ. ಓದಿಯೂ ನೋಡದೆ ಗುಮಾಸ್ತನಿಗೆ ಕಳುಹಿಸಿ ಮಲಗಿದೆ. ಮೂವತ್ತು ವರ್ಷ ದಾವೆ ಪತ್ರಗಳ ಮಧ್ಯೆಯೇ ಸವೆದ ನಮ್ಮ ಗುಮಾಸ್ತ ನಗುವುದು ವರ್ಷಕ್ಕೊಮ್ಮೆ, ಅದೂ ಆಯುಧಪೂಜೆಗೆ. ಬೆಳಿಗ್ಗೆ ಕಾಗದ ಹಿಡಿದು ಎದುರು ನಿಂತ.

"ಸಾರ್, ಇಲ್ಲೊಂದು ಸಣ್ಣ ಅನುಮಾನ."

ಓದಿದೆ. "ದಾವಾ ಸ್ವತ್ತಿನ ಚಕ್ಕುಲಿ ಬಂದಿದೆ. ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಒಂದನೇ ಪತಿವಾದಿಯ ಬಾಗಾಯ್ತು, ಉತ್ತರಕ್ಕೆ ಸಾರು ಬಿಸಿ ಮಾಡಲೋ ಹಾಗೇ ಬಡಿಸಲೋ, ದಕ್ಷಿಣಕ್ಕೆ ಸೊಪ್ಪಿನಬೆಟ್ಟ."

ಸ್ವತ್ತಿನ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿ ಚಕ್ಕುಲಿಯಾದದ್ದು ಫೋನಿನ ಕಿವಿಯ ದೋಷ. ಆದರೆ ಉತ್ತರದ ಎಲ್ಲೆ ಸಾಕ್ಷಾತ್ ನನ್ನ ಹೆಂಡತಿಯದು. ಒಳಗಿನಿಂದ ಕೂಗಿ ಕೇಳಿದ್ದಳು. ಗುಮಾಸ್ತ ಮುಖದ ಒಂದು ಗೆರೆಯೂ ಅಲುಗದಂತೆ ಕೇಳಿದ: "ಉತ್ತರಕ್ಕೆ ಸರ್ವೆ ನಂಬರ್ ಹಾಕಬೇಕೇ ಸಾರ್?"

ಕಾನೂನು ಪುಸ್ತಕಗಳನ್ನೂ ಈಗ ಫೋನಿನಲ್ಲೇ ಹೊರುತ್ತೇನೆ. 2024ರ ಜುಲೈ 1ರಿಂದ ದಂಡ ಸಂಹಿತೆ ಬದಲಾಗಿ, ಊರೆಲ್ಲ ಬೈಗುಳವಾಗಿ ಬಳಸುತ್ತಿದ್ದ 420 ಹೋಗಿ 318 ಬಂದ ಮೇಲೆ ಅದಿಲ್ಲದೆ ಸಾಗುವುದೂ ಇಲ್ಲ. (318 ಎಂದು ಬೈದರೆ ಯಾರಿಗೂ ತಾಗುವುದಿಲ್ಲ, ಆ ಮಾತು ಬೇರೆ.) ಪುಕ್ಕಟೆ ಆ್ಯಪ್ ಹಾಕಿಕೊಂಡದ್ದು ನನ್ನ ಜಿಪುಣತನ. ಅದೊಂದು ದಿನ ಚೆಕ್ ಅಮಾನ್ಯದ ಪ್ರಕರಣ, ನಾನು ಆರೋಪಿಯ ಪರ. ನೋಟಿಸು ತಲುಪಿದ ಮೇಲೆ ಹಣ ಕೊಡಲು ಇರುವ 15 ದಿನಗಳ ಲೆಕ್ಕ ಹಾಕುತ್ತಾ, 138ನೇ ಕಲಮಿನ ಪರಂತುಕವನ್ನು, ಅಂದರೆ ಅದಕ್ಕೆ ಅಂಟಿದ ಷರತ್ತನ್ನು, ಓದಿಯೇ ತೋರಿಸುತ್ತೇನೆಂದು ಗತ್ತಿನಿಂದ ಫೋನ್ ಎತ್ತಿದೆ. ಪರಂತುಕಕ್ಕೆ ಮೊದಲು ಜಾಹೀರಾತು ತೆರೆದುಕೊಂಡಿತು. ತುಂಬಿದ ಕೋರ್ಟ್ ಹಾಲ್‌ನಲ್ಲಿ ಹೆಣ್ಣುದನಿಯೊಂದು ಉಲಿಯಿತು: "ಹಣದ ಅಡಚಣೆಯೇ? ಐದೇ ನಿಮಿಷಗಳಲ್ಲಿ ಸಾಲ!"

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು. ಫಿರ್ಯಾದುದಾರರ ವಕೀಲರು ಕಡತದಲ್ಲಿ ಮುಖ ಹುದುಗಿಸಿದರು. ನನ್ನ ಕಕ್ಷಿದಾರ ಮಾತ್ರ ಕಟಕಟೆಯಿಂದ ಬಗ್ಗಿ ಆಸೆಗಣ್ಣಿನಿಂದ ನನ್ನ ಫೋನನ್ನೇ ದಿಟ್ಟಿಸುತ್ತಿದ್ದ. ಹೊರಗೆ ಬಂದ ಮೇಲೆ ಬಡ್ಡಿ ಎಷ್ಟೆಂದೂ ವಿಚಾರಿಸಿದ.

ಮಳೆಗಾಲದಲ್ಲಿ ಆ ಫೋನು ಅಂಗಳದ ಕೆಸರಿಗೆ ಬಿದ್ದು ಕಣ್ಣು ಮುಚ್ಚಿತು. ಹೊಸದನ್ನು ತಂದು ಆ್ಯಪ್ ತೆರೆದರೆ ನನ್ನ ಪ್ರಕರಣಗಳ ಪಟ್ಟಿ ಬೋಳು ಬೋಳು. ನಾವು ಸೇರಿಸಿಟ್ಟ ಪಟ್ಟಿ ಆ ಫೋನಿನೊಳಗೇ ಇರುತ್ತದೆ, ಆಗಾಗ ಫೈಲು ಮಾಡಿ ತೆಗೆದಿಟ್ಟುಕೊಳ್ಳಬೇಕು ಎಂದು ಜೂನಿಯರ್ ಎರಡು ಸಲ ಹೇಳಿದ್ದ. ಎರಡು ಸಲವೂ ನಾನು "ನೋಡೋಣ" ಎಂದಿದ್ದೆ. ವಕೀಲರ ಹೆಸರಿನಿಂದ ಹುಡುಕಬಹುದು, ನಿಜ. ಆದರೆ ನನ್ನ ಹೆಸರು ಇಂಗ್ಲಿಷಿನಲ್ಲಿ ಒಂದೊಂದು ಕೇಸಿನಲ್ಲಿ ಒಂದೊಂದು ಬಗೆಯಾಗಿ ನಮೂದಾಗಿದೆ. ಒಂದರಲ್ಲಿ ಎಚ್ ಹೆಚ್ಚು, ಇನ್ನೊಂದರಲ್ಲಿ ಎ ಕಡಿಮೆ. ರಾತ್ರಿ ಹನ್ನೊಂದರವರೆಗೆ ನನ್ನನ್ನೇ ನಾನು ನಾಲ್ಕು ರೀತಿಯಲ್ಲಿ ಹುಡುಕಿದೆ. ಮುಕ್ಕಾಲು ಪಾಲು ಸಿಕ್ಕಿತು, ರಾಯರ ಕೇಸು ಮಾತ್ರ ಸಿಗಲಿಲ್ಲ. ಗುಮಾಸ್ತನ ಕೆಂಪು ರಟ್ಟಿನ ಡೈರಿಯಲ್ಲಿ ಎಲ್ಲವೂ ಇರುತ್ತದೆ. ಅವನು ಅದನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದ. ಆ ಊರಿನಲ್ಲಿ ಸಿಗ್ನಲ್ ಇಲ್ಲ.

ಬೆಳಿಗ್ಗೆ ನಾಚಿಕೆ ಬಿಟ್ಟು ಫೋನ್ ಮಾಡಿದೆ.

"ರಾಯರೇ, ನಮ್ಮ ಕೇಸಿನ ಮುಂದಿನ ದಿನಾಂಕ ಯಾವುದು?"

ಆ ಕಡೆ ಸ್ವಲ್ಪ ಹೊತ್ತು ಮೌನ. ಕವಳ ಉಗುಳಿದ ಸದ್ದು.

"ಈಗ ತೋಟದಲ್ಲಿದ್ದೇನೆ ವಕೀಲರೇ," ಎಂದರು ರಾಯರು ನಿಧಾನವಾಗಿ. "ನೋಡಿ ಹೇಳುತ್ತೇನೆ. ಗಾಬರಿಯಾಗಬೇಡಿ, ಕೇಸು ಚೆನ್ನಾಗಿದೆ."