ಕೋರ್ ಡೌನ್‌ಲೋಡರ್ ಎಲ್ಲಿ ಸ್ವಾಮಿ?

ಲಿನಕ್ಸ್‌ನಲ್ಲಿ ಹಳೇ ವಿಡಿಯೋ ಗೇಮ್ ಆಡಬೇಕು ಅಂದರೆ ಹತ್ತರಲ್ಲಿ ಎಂಟು ಜನ ರೆಟ್ರೋಆರ್ಚ್ ಅನ್ನುವ ಪ್ರೋಗ್ರಾಮು ಹಾಕಿಕೊಳ್ಳಿ ಅನ್ನುತ್ತಾರೆ. ಹಾಕಿಕೊಳ್ಳುವುದು ಸುಲಭ, ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ತೆರೆದು ನೋಡಿದರೆ ಮೆನು ಇದೆ, ಸೆಟ್ಟಿಂಗ್ಸ್ ಬೇಕಾದಷ್ಟಿದೆ, ಗೇಮ್ ಮಾತ್ರ ಓಡುವುದಿಲ್ಲ. ಛತ್ರ ಬುಕ್ ಆಗಿದೆ, ಕುರ್ಚಿ, ಮೈಕು, ವಾಲಗದವರು ಎಲ್ಲ ಬಂದಿದ್ದಾರೆ, ಅಡುಗೆಯವರೇ ಬಂದಿಲ್ಲ, ಹಾಗೆ. ಗೇಮ್ ಓಡಿಸುವ ಕೆಲಸ ಕೋರ್ ಅನ್ನುವ ಬೇರೆ ಪ್ರೋಗ್ರಾಮುಗಳದ್ದು. ನಿಂಟೆಂಡೋ, ಸೆಗಾ, ಪ್ಲೇಸ್ಟೇಷನ್, ಒಂದೊಂದು ಗೇಮ್ ಯಂತ್ರಕ್ಕೂ ಅದರದ್ದೇ ಕೋರ್‌ಗಳು. ಅವನ್ನು ಬೇರೆಯಾಗಿ ತರಿಸಿಕೊಳ್ಳಬೇಕು.

ಹೇಗೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ. ಆನ್‌ಲೈನ್ ಅಪ್‌ಡೇಟರ್‌ಗೆ ಹೋಗಿ, ಕೋರ್ ಡೌನ್‌ಲೋಡರ್ ಒತ್ತಿ. ವಿಡಿಯೋಗಳಲ್ಲೂ ಅದನ್ನೇ ತೋರಿಸುತ್ತಾರೆ. ನಮ್ಮ ಸ್ಕ್ರೀನಿನಲ್ಲಿ ಆ ಸಾಲೇ ಇರುವುದಿಲ್ಲ.

ಅಣ್ಣನ ಮಗನಿಗೂ ಹೀಗೇ ಆಯಿತು. ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡಿದ್ದಾನೆ. ಅವರಪ್ಪ ಚಿಕ್ಕವನಿದ್ದಾಗ ಟಿವಿಗೆ ವೈರ್ ಸಿಕ್ಕಿಸಿ ಆಡುತ್ತಿದ್ದ ಕಾಂಟ್ರಾ ಅನ್ನುವ ಗೇಮ್ ಬೇಕಂತೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಆ ಪೆಟ್ಟಿಗೆಗಳಲ್ಲಿ ಬಹಳಷ್ಟು, 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ನಕಲುಗಳು. ನಕಲೋ ಅಸಲೋ, ಅದರಲ್ಲಿ ಕ್ಯಾಸೆಟ್ ಒತ್ತಿ ಸ್ವಿಚ್ ಹಾಕಿದರೆ ಗೇಮ್ ಬರುತ್ತಿತ್ತು. ಮೆನು ಹುಡುಕುವ ಪಾಡಿರಲಿಲ್ಲ.

‘ಚಿಕ್ಕಪ್ಪ, ನನ್ನದು ಹಾಳಾಗಿದೆ ಅನ್ಸುತ್ತೆ’ ಅಂತ ಫೋನ್ ಮಾಡಿದ.

ಹಾಳಾಗಿರಲಿಲ್ಲ. ಬೇಕೆಂದೇ ಮುಚ್ಚಿಟ್ಟದ್ದು ಅದು. ಉಬುಂಟು ಮತ್ತು ಅದಕ್ಕೆ ಮೂಲವಾದ ಡೆಬಿಯನ್ ಅನ್ನುವ ಲಿನಕ್ಸ್, ತಾವು ಕೊಡುವ ರೆಟ್ರೋಆರ್ಚ್ ಪ್ಯಾಕೇಜಿನಲ್ಲಿ ಈ ಡೌನ್‌ಲೋಡರ್ ಕಾಣದ ಹಾಗೆ ಮಾಡಿ ಕೊಡುತ್ತವೆ. ಕೋರ್ ಬೇಕಿದ್ದರೆ ನಮ್ಮ ಉಗ್ರಾಣದಿಂದಲೇ ತಗೊಳ್ಳಿ ಅನ್ನುವುದು ಅವರ ಲೆಕ್ಕ. ‘ಲಿಬ್ರೆಟ್ರೋ ನೆಸ್ಟೋಪಿಯಾ’ ಅನ್ನುವ ಫ್ಯಾಮಿಕಾಮ್ ಕೋರಿನ ಪ್ಯಾಕೇಜನ್ನು ಟರ್ಮಿನಲ್‌ನಲ್ಲಿ ಆಪ್ಟ್ ಅನ್ನುವ ಆಜ್ಞೆ ಕೊಟ್ಟು ತರಿಸಿದರೆ ಸಾಕು, ಕಾಂಟ್ರಾ ಓಡುತ್ತದೆ. ಈ ವಿಷಯದಲ್ಲಿ ನಾನು ಡೆಬಿಯನ್ ಕಡೆಗೇ. ಎಲ್ಲಿಂದಲೋ ಬಂದ ಫೈಲೊಂದು ನಮ್ಮ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಆಗಿ ಓಡುವ ಮುಂಚೆ ಯಾರಾದರೂ ಒಬ್ಬರು ಅದನ್ನು ನೋಡಿರಲಿ. ಆದರೆ ಬಾಗಿಲು ಮುಚ್ಚಿದವರು ಹೊರಗೊಂದು ಚೀಟಿ ಅಂಟಿಸಬಹುದಿತ್ತು, ಅಲ್ವಾ?

ಅವರ ಉಗ್ರಾಣದಲ್ಲಿ ಎಲ್ಲ ಕೋರ್‌ಗಳೂ ಇಲ್ಲ. ಬೇಕಾದ್ದು ಸಿಗದಿದ್ದವರು ಬಾಗಿಲು ತೆಗೆಯಲೇಬೇಕು. ಹೋಮ್ ಫೋಲ್ಡರಿನಲ್ಲಿ ಡಾಟ್ ಕಾನ್ಫಿಗ್ ಅಂತ ಒಂದು ಅಡಗಿದ ಫೋಲ್ಡರ್ ಇರುತ್ತದೆ. ಅದರೊಳಗೆ ರೆಟ್ರೋಆರ್ಚ್‌ನ ಸೆಟ್ಟಿಂಗ್ಸ್ ಫೈಲು. ‘ಮೆನು ಶೋ ಕೋರ್ ಅಪ್‌ಡೇಟರ್’ ಅನ್ನುವ ಸಾಲು ಹುಡುಕಿ, ಮುಂದಿರುವ ಫಾಲ್ಸ್ ಅಳಿಸಿ ಟ್ರೂ ಅಂತ ಬರೆಯಬೇಕು.

ಹುಡುಗನಿಗೂ ಆ ಡೌನ್‌ಲೋಡರೇ ಬೇಕಂತೆ. ಬರೆದ. ಸೇವ್ ಮಾಡಿದ. ರೆಟ್ರೋಆರ್ಚ್ ಮುಚ್ಚಿ ಮತ್ತೆ ತೆರೆದ. ಡೌನ್‌ಲೋಡರ್ ಇಲ್ಲ.

‘ಫೈಲ್ ತೆಗೆದು ನೋಡು, ಏನಿದೆ?’

‘ಫಾಲ್ಸ್ ಅಂತಾನೇ ಇದೆ! ನಾನು ಟ್ರೂ ಅಂತ ಬರ್ದಿದ್ದೆ ಚಿಕ್ಕಪ್ಪ, ದೇವರಾಣೆ.’

ಆಣೆ ಹಾಕುವ ಅಗತ್ಯ ಇರಲಿಲ್ಲ. ರೆಟ್ರೋಆರ್ಚ್ ಮುಚ್ಚುವಾಗ ತನ್ನ ತಲೆಯಲ್ಲಿರುವ ಸೆಟ್ಟಿಂಗ್ಸನ್ನೆಲ್ಲ ಆ ಫೈಲಿಗೆ ಮತ್ತೆ ಬರೆದು ಹೋಗುತ್ತದೆ. ಅದು ತೆರೆದಿದ್ದಾಗಲೇ ನೀವು ಏನು ತಿದ್ದಿದರೂ ಹೋಗುವಾಗ ಒರೆಸಿ ಹೋಗುತ್ತದೆ. ಮೊದಲು ಮುಚ್ಚಬೇಕು, ಆಮೇಲೆ ತಿದ್ದಬೇಕು. ಪ್ರೋಗ್ರಾಮು ಹಾಕಿಕೊಳ್ಳುವ ಇನ್ನೊಂದು ದಾರಿಯಾದ ಫ್ಲಾಟ್‌ಪ್ಯಾಕ್‌ನಿಂದ ಹಾಕಿಕೊಂಡವರ ಕತೆ ಬೇರೆ. ಅಲ್ಲಿ ಡೌನ್‌ಲೋಡರ್ ಕಾಣುತ್ತದೆ, ಸೆಟ್ಟಿಂಗ್ಸ್ ಫೈಲೂ ಬೇರೆ ಜಾಗದಲ್ಲಿರುತ್ತದೆ. ಎರಡನ್ನೂ ಹಾಕಿಕೊಂಡು ಒಂದರ ಫೈಲು ತಿದ್ದಿ ಇನ್ನೊಂದನ್ನು ತೆರೆಯುವ ಪುಣ್ಯಾತ್ಮರೂ ಇದ್ದಾರೆ.

ಸರಿ, ಡೌನ್‌ಲೋಡರ್ ಬಂತು. ನೆಸ್ಟೋಪಿಯಾ ಒತ್ತಿದ. ಡೌನ್‌ಲೋಡ್ ಆಯಿತು. ಕೋರ್ ಪಟ್ಟಿಯಲ್ಲಿ ನೋಡಿದರೆ ಇಲ್ಲ! ಕೋರ್ ಬರುವುದು ಜಿಪ್ ಆಗಿ. ಅದನ್ನು ಬಿಚ್ಚಿ ಒಂದು ಫೋಲ್ಡರಿನಲ್ಲಿ ಇಡಬೇಕು. ಉಬುಂಟು ತೋರಿಸಿಕೊಟ್ಟ ಫೋಲ್ಡರು ಸಿಸ್ಟಮಿನದ್ದು, ಅಲ್ಲಿ ಬರೆಯುವ ಹಕ್ಕು ರೂಟ್‌ಗೆ, ಅಂದರೆ ಕಂಪ್ಯೂಟರಿನ ಯಜಮಾನ ಖಾತೆಗೆ ಮಾತ್ರ. ಸೆಟ್ಟಿಂಗ್ಸ್‌ನ ಡೈರೆಕ್ಟರಿ ವಿಭಾಗಕ್ಕೆ ಹೋಗಿ ಕೋರ್‌ಗಳ ಜಾಗವನ್ನು ನಮ್ಮ ಹೋಮ್ ಫೋಲ್ಡರಿಗೆ ಬದಲಾಯಿಸಿದರೆ ಮುಗಿಯಿತು. ಇಲ್ಲಿ ಯಾರಾದರೂ ‘ಸುಡೋ ಹಾಕಿ ಓಡಿಸಿ’, ಅಂದರೆ ರೂಟ್ ಹಕ್ಕಿನಲ್ಲಿ ಓಡಿಸಿ ಅಂದರೆ ಕೇಳಬೇಡಿ. ಒಂದು ಗೇಮಿಗಾಗಿ ಇಡೀ ಕಂಪ್ಯೂಟರಿನ ಬೀಗದಕೈ ಕೊಡುವುದು ಯಾವ ನ್ಯಾಯ? ಆಮೇಲೆ ಫೈಲುಗಳೆಲ್ಲ ರೂಟ್ ಹೆಸರಿಗೆ ಹೋಗಿ ಹೊಸ ತಲೆನೋವು ಶುರುವಾಗುತ್ತದೆ.

ಇಷ್ಟೆಲ್ಲ ಊಹಿಸುತ್ತಾ ಕೂರಬೇಕಾಗಿಲ್ಲ. ಟರ್ಮಿನಲ್‌ನಿಂದ ‘ವರ್ಬೋಸ್’ ಅನ್ನುವ ಆಯ್ಕೆ ಸೇರಿಸಿ ರೆಟ್ರೋಆರ್ಚ್ ಶುರು ಮಾಡಿದರೆ ಅದು ಬಾಯಿ ಬಿಡುತ್ತದೆ. ಯಾವ ಫೈಲು ತೆರೆದೆ, ಯಾವುದು ಸಿಗಲಿಲ್ಲ, ಎಲ್ಲ ವರದಿ ಬರುತ್ತದೆ. ಲಿನಕ್ಸ್ ಪ್ರೋಗ್ರಾಮುಗಳು ನೆಚ್ಚಿಕೊಂಡಿರುವ ಜಿಲಿಬ್‌ಸಿ ಅನ್ನುವ ಲೈಬ್ರರಿಯ ಇಂಥ ಆವೃತ್ತಿ ಇಲ್ಲ ಅಂತ ಬಂದರೆ ನಿಮ್ಮ ಲಿನಕ್ಸ್ ಹಳೆಯದು, ಕೋರ್ ಹೊಸದು ಎಂದರ್ಥ. ಸ್ಕ್ರೀನಿನ ಮೇಲೆ ‘ಫೇಲ್ಡ್’ ಅನ್ನುವ ಪದ ಮಿಂಚಿ ಮರೆಯಾಗುವಾಗ ಇದರಲ್ಲಿ ಒಂದೂ ಗೊತ್ತಾಗುವುದಿಲ್ಲ.

ಕೆಲವು ಸಲ ತಪ್ಪು ನಮ್ಮ ಕಡೆ ಇರುವುದೇ ಇಲ್ಲ. 2020ರ ಆಗಸ್ಟ್‌ನಲ್ಲಿ ಯಾರೋ ರೆಟ್ರೋಆರ್ಚ್ ಮಾಡುವ ಲಿಬ್ರೆಟ್ರೋ ತಂಡದ ಬಿಲ್ಡ್‌ಬಾಟ್ ಸರ್ವರಿಗೆ ನುಗ್ಗಿ ಅದನ್ನು ಹಾಳುಗೆಡವಿದರು. ಕೋರ್‌ಗಳು ಬರುತ್ತಿದ್ದದ್ದೇ ಅಲ್ಲಿಂದ. ಆಗ ಡೌನ್‌ಲೋಡರ್ ಎಷ್ಟು ಒತ್ತಿದರೂ ಏನು ಪ್ರಯೋಜನ?

ಇನ್ನೊಂದು ವಸ್ತು ಆ ಪಟ್ಟಿಯಲ್ಲಿ ಯಾವತ್ತೂ ಸಿಗುವುದಿಲ್ಲ. ಅದು ಪ್ಲೇಸ್ಟೇಷನ್‌ನ ಬಯಾಸ್, ಅಂದರೆ ಆ ಯಂತ್ರವನ್ನು ಶುರು ಮಾಡುವ ಅದರೊಳಗಿನ ಪ್ರೋಗ್ರಾಮು. ಅದರ ಹಕ್ಕು ಸೋನಿಯದ್ದು, ಹಾಗಾಗಿ ಹಂಚುವ ಹಾಗಿಲ್ಲ. ಪ್ಲೇಸ್ಟೇಷನ್‌ನ ಬೀಟಲ್ ಕೋರ್ ಬಂದಿದೆ, ಗೇಮ್ ಯಾಕೆ ಓಡಲಿಲ್ಲ ಅಂತ ಕೋರನ್ನೇ ಮತ್ತೆ ಮತ್ತೆ ತರಿಸುವವರು ರೆಟ್ರೋಆರ್ಚ್‌ನ ‘ಸಿಸ್ಟಮ್’ ಅನ್ನುವ ಫೋಲ್ಡರಿನಲ್ಲಿ ಬಯಾಸ್ ಇದೆಯಾ ಅಂತ ನೋಡಲಿ. ಅದನ್ನು ನಮ್ಮದೇ ಹಳೇ ಪ್ಲೇಸ್ಟೇಷನ್ ಪೆಟ್ಟಿಗೆಯಿಂದ ತೆಗೆದುಕೊಳ್ಳಬೇಕು.

ನಮ್ಮ ಹುಡುಗನಿಗೆ ಅದರ ತಾಪತ್ರಯ ಇರಲಿಲ್ಲ. ಡೌನ್‌ಲೋಡರ್ ಸಿಕ್ಕ ಖುಷಿಗೆ ಪಟ್ಟಿಯಲ್ಲಿದ್ದ ನಿಂಟೆಂಡೋ ಕೋರ್‌ಗಳನ್ನೆಲ್ಲ ಇಳಿಸಿಕೊಂಡ. ನೆಸ್ಟೋಪಿಯಾ, ಮೆಸೆನ್, ಎಫ್‌ಸಿಇಯುಎಮ್ಎಮ್, ಕ್ವಿಕ್‌ನೆಸ್.

‘ಚಿಕ್ಕಪ್ಪ, ಇದರಲ್ಲಿ ಯಾವುದು ಒಳ್ಳೇದು?’

ಕಾಂಟ್ರಾಗೆ ಯಾವುದಾದರೂ ಆಗುತ್ತೆ ಕಣೋ, ಸುಮ್ನೆ ಆಡು ಅಂದೆ. ಅವನು ಕೇಳಬೇಕಲ್ಲ? ನಾಲ್ಕರಲ್ಲೂ ಬಣ್ಣ ಹೇಗೆ ಬರುತ್ತೆ, ಸದ್ದು ಹೇಗೆ ಕೇಳುತ್ತೆ ಅಂತ ಈಗಲೂ ಹೋಲಿಸಿ ನೋಡುತ್ತಿದ್ದಾನೆ. ಮೊದಲನೇ ಸ್ಟೇಜ್ ಇನ್ನೂ ದಾಟಿಲ್ಲ.