ಚಪ್ಪಲಿ ಹಾಕ್ಕೊಂಡೇ ಬನ್ನಿ

ಆಮಂತ್ರಣ ಬಂದದ್ದು ಮೊಬೈಲಿಗೆ. ತೆಂಗಿನಮರ, ಅದರ ಕೆಳಗೆ ಹೊಗೆಯಾಡುವ ಒಲೆ, ಪಕ್ಕದಲ್ಲಿ ನಗುತ್ತಿರುವ ಕೋಳಿ. ತನ್ನನ್ನೇ ಸುಡುವ ಸಮಾರಂಭಕ್ಕೆ ಇಷ್ಟು ಖುಷಿಯಿಂದ ಕರೆಯುವ ಕೋಳಿಯನ್ನು ನಾನು ಎಲ್ಲೂ ನೋಡಿಲ್ಲ. ‘ಗೋವಾಕ್ಕೆ ಹೊಸದಾಗಿ ಬಂದು ನೆಲೆಸಿದವರಿಗೆಲ್ಲ ಪ್ರೀತಿಯ ಸ್ವಾಗತ. ಭಾನುವಾರ ಸಂಜೆ ಬಾರ್ಬೆಕ್ಯೂ. ಏನೂ ಸಂಕೋಚ ಬೇಡ, ಚಡ್ಡಿ ಚಪ್ಪಲಿಯಲ್ಲೇ ಬನ್ನಿ.’

ಓದಿ ಕಣ್ಣು ತುಂಬಿತು. ಇಪ್ಪತ್ತೆಂಟು ವರ್ಷದ ಹಿಂದೆ ಹುಬ್ಬಳ್ಳಿ ಬಸ್ಸಿನಿಂದ ಮಡಗಾಂವ್‌ನಲ್ಲಿ ಇಳಿದಾಗ ನಾನೂ ಚಪ್ಪಲಿಯಲ್ಲೇ ಇದ್ದೆ. ಒಂದರ ಉಂಗುಷ್ಟ ಕಿತ್ತು ಪಿನ್ನು ಹಾಕಿದ್ದೆ. ನನಗೂ ಸ್ವಾಗತ ಸಿಕ್ಕಿತ್ತು. ರೂಮು ಕೇಳಲು ಹೋದ ಮೊದಲ ಮನೆಯವರು ಬಾಗಿಲು ಅರ್ಧ ತೆಗೆದು, ನನ್ನ ಕಾಲು ನೋಡಿ, ಒಳಗಿದ್ದವರಿಗೆ ‘ಘಾಂಟಿ’ ಎಂದು ಹೇಳಿ, ಆ ಅರ್ಧವನ್ನೂ ಮುಚ್ಚಿದ್ದರು.

ಘಾಂಟಿ ಅಂದರೆ ಘಟ್ಟದ ಮೇಲಿನವನು, ಅಷ್ಟೇ. ಬರಿಯ ಭೂಗೋಳ. ಮೂಗಿನಿಂದ ಹೇಳಿದಾಗ ಮಾತ್ರ ಭೂಗೋಳ ಬೈಗುಳವಾಗುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದವರೆಲ್ಲ ಘಾಂಟಿಗಳು. ದಿಲ್ಲಿಯವರು, ಗುರುಗ್ರಾಮದವರು ಅಲ್ಲ. ದಿಲ್ಲಿ ಬಹುಶಃ ಘಟ್ಟದ ಕೆಳಗಿದೆ, ನಕಾಶೆ ನೋಡಬೇಕು. ಇಲ್ಲಿನ ಸರ್ಕಾರಿ ಬಸ್ಸಿಗೆ ಕದಂಬ ಎಂದು ಹೆಸರು. ಗೋವಾ ಆಳಿದ ಆ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದವರು. ಪುಣ್ಯವಂತರು, ಬಾಡಿಗೆಯವರು ತುಂಬಬೇಕಾದ ಪೊಲೀಸ್ ಫಾರ್ಮು ಅಚ್ಚಾಗುವ ಮೊದಲೇ ಬಂದು ಆಳಿ ಹೋದರು.

ಮೂಲ ಗೋವಾದವರು ಯಾರು ಎಂಬ ಜಗಳ ಇಲ್ಲಿ ಆಗಾಗ ಹೊತ್ತಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಅದಕ್ಕಾಗಿ ‘ಪೊಗೊ ಮಸೂದೆ’ (ಪರ್ಸನ್ ಆಫ್ ಗೋವನ್ ಒರಿಜಿನ್, ಅಂದರೆ ಗೋವಾ ಮೂಲದವರು) ಎಂಬ ಮಾತೂ ಎದ್ದಿತ್ತು. ನನ್ನ ಮೊಮ್ಮಗ ಅದನ್ನು ಕಾರ್ಟೂನ್ ಚಾನೆಲ್ಲಿನ ವಿಷಯ ಅಂದುಕೊಂಡಿದ್ದ. ನಾನೂ ತಿದ್ದಲಿಲ್ಲ.

ನನ್ನನ್ನು ಕರೆದದ್ದು ಬೆಂಗಳೂರಿನ ದಂಪತಿ. ಅಸಗಾಂವ್ ಕಡೆ ಗುಡ್ಡ ಕತ್ತರಿಸಿ ಕಟ್ಟಿದ ಕಾಲೊನಿಯಲ್ಲಿ ಅವರ ವಿಲ್ಲಾ ಇದೆ, ಬಂದು ಎಂಟು ತಿಂಗಳು. ‘ಅಂಕಲ್, ನೀವು ಬರ್ಲೇಬೇಕು, ನಮಗೆ ಗೊತ್ತಿರೋ ಲೋಕಲ್ ಅಂದ್ರೆ ನೀವೊಬ್ರೇ’ ಎಂದಳು ಹುಡುಗಿ. ನನ್ನ ಮನೆ ಮಾಲೀಕರಿಗೆ ನಾನು ಇವತ್ತಿಗೂ ‘ಭಾಯ್ಲೊ’, ಹೊರಗಿನವನು. ಅವರ ಮಗಳ ಮದುವೆಯಲ್ಲಿ ಬಡಿಸಿದ್ದೇನೆ, ಅವರ ತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೇನೆ, ಆದರೂ ಭಾಯ್ಲೊ. ಇಪ್ಪತ್ತೆಂಟು ವರ್ಷದಲ್ಲಿ ಆಗದ ಕೆಲಸ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಆಯಿತು. ಹೊಸ ಚಪ್ಪಲಿ ಕೊಂಡು ಹೋದೆ.

ಗೇಟಿನಲ್ಲಿ ವಾಚ್‌ಮನ್ ತಡೆದ. ಅಸ್ಸಾಮಿನ ಹುಡುಗ. ‘ಲೇಬರ್ ಎಂಟ್ರಿ ಹಿಂದಿನಿಂದ’ ಎಂದ. ಮೆಸೇಜು ತೋರಿಸಿದೆ. ಅವನು ಕೋಳಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕೋಳಿಯನ್ನು ನೋಡಿದ. ಕೋಳಿಯ ಮೇಲೆ ಅವನಿಗೆ ಹೆಚ್ಚು ನಂಬಿಕೆ ಬಂದಂತಿತ್ತು. ಬಿಟ್ಟ.

ಒಳಗೆ ಸುಮಾರು ನಲವತ್ತು ಜನ. ನಡುವೆ ವಿದೇಶದಿಂದ ತರಿಸಿದ ದುಂಡನೆಯ ಗ್ರಿಲ್, ಮುಚ್ಚಳಕ್ಕೆ ಜ್ವರ ನೋಡುವ ಹಾಗೆ ಒಂದು ಮೀಟರು. ಎಲ್ಲ ಇತ್ತು, ಬೆಂಕಿ ಇರಲಿಲ್ಲ. ಕಡ್ಡಿ ಗೀರಿದರು. ಜೆಲ್ ಹಚ್ಚಿದರು. ಪೇಪರು ತುರುಕಿದರು (ನನ್ನ ಅಂಕಣದ ಪುಟವಲ್ಲ, ಕನ್ನಡ ಪೇಪರು ಆ ಕಡೆ ಹೋಗುವುದಿಲ್ಲ). ಕೊನೆಗೆ ಒಬ್ಬರು ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಹೇರ್ ಡ್ರೈಯರ್ ಹಿಡಿದರು. ಇದ್ದಿಲಿಗೆ ಚೆನ್ನಾಗಿ ಗಾಳಿ ಬಂತು, ಅಷ್ಟೇ.

ಆಗ ಹಿಂದಿನ ಬಾಗಿಲಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ನೆಲ ಒರೆಸುವ ಕೋಲು. ‘ಸರೀರಿ ಅಕ್ಕಾರ, ಹಂಗ್ ಹತ್ತೂದಿಲ್ಲ ಅದು’ ಎಂದು ಇದ್ದಿಲನ್ನೆಲ್ಲ ಒಂದೆಡೆ ಗುಡ್ಡೆ ಮಾಡಿದಳು. ಅಡಿಗೆ ಒಣ ತೆಂಗಿನ ಕತ್ತ ಇಟ್ಟು ಕಡ್ಡಿ ಗೀರಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಿಜ್ಜಾ ಡಬ್ಬದ ಮುಚ್ಚಳ ಹರಿದು ಬೀಸಿದಳು. ಎರಡು ನಿಮಿಷದಲ್ಲಿ ಕೆಂಡ ನಿಗಿನಿಗಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ನಮ್ಮ ಹುಡುಗಿ ನನ್ನ ಕಿವಿಯಲ್ಲಿ, ‘ಅಂಕಲ್, ಅವಳಿಗೆ ಇಲ್ಲೇ ನಿಂತ್ಕೊಳ್ಳೋಕೆ ಹೇಳಿ. ಅವಳ ಕನ್ನಡ ನನಗೆ ಅಷ್ಟು ಅರ್ಥ ಆಗಲ್ಲ’ ಎಂದಳು. ಜಯನಗರದಿಂದ ರೋಣ ತಾಲೂಕಿಗೆ ನಾನು ದುಭಾಷಿಯಾದೆ.

ರೋಣದ ಕಡೆಯವಳು, ಬಂದು ಎಂಟು ದಿನವಾಗಿತ್ತು. ಗಂಡ ಗೌಂಡಿ ಕೆಲಸಕ್ಕೆ. ಬೆಳಿಗ್ಗೆ ನಾಕಾದಲ್ಲಿ ನಿಂತು ಯಾರಾದರೂ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಲೆಕ್ಕ ಹಾಕಿದೆ. ಅಲ್ಲಿದ್ದ ನಲವತ್ತು ಜನರಲ್ಲಿ ಅವಳಷ್ಟು ಹೊಸದಾಗಿ ಬಂದವರು ಯಾರೂ ಇರಲಿಲ್ಲ. ಸ್ವಾಗತ ಸಮಾರಂಭದ ಮುಖ್ಯ ಅತಿಥಿ ರಾತ್ರಿ ಒಂಬತ್ತೂವರೆವರೆಗೆ ಹೊಗೆಯಲ್ಲಿ ನಿಂತು ಕೋಳಿ ತಿರುವಿ ಹಾಕುತ್ತಿದ್ದಳು.

ಬಾರ್ಬೆಕ್ಯೂ ಎಂದರೇನು ಎಂದು ಕೇಳಿದಳು. ಸುಡೂದು ಎಂದೆ. ‘ಸೀತನಿ ಸುಟ್ಟಂಗನ?’ ಅಂದಳು.

ಆ ಒಂದು ಮಾತಿಗೆ ನನ್ನ ಬಾಯಲ್ಲಿ ನೀರೂರಿತು. ಬಿಳಿಜೋಳ ಹಾಲುದುಂಬಿದ ದಿನಗಳು, ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡ, ಅದರಲ್ಲಿ ಎಳೆ ತೆನೆ. ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಬೆಲ್ಲದ ಜೊತೆ, ಇಲ್ಲವೇ ಶೇಂಗಾ ಚಟ್ನಿ ಮೊಸರಿನ ಜೊತೆ. ಅಂಗೈ ಸುಡುತ್ತಿತ್ತು, ತುಟಿ ಕಪ್ಪಾಗುತ್ತಿತ್ತು, ಹೊಟ್ಟು ಅಂಗಿಯೊಳಗೆ ಹೋಗಿ ರಾತ್ರಿಯೆಲ್ಲ ತುರಿಕೆ. ದಾರಿಯಲ್ಲಿ ಹೋಗುತ್ತಿದ್ದವರನ್ನೂ ಕೂಗಿ ಕರೆಯುತ್ತಿದ್ದರು. ಯಾವ ಊರವನು ಎಂದು ಕೇಳುತ್ತಿದ್ದುದು ಅವನು ತಿಂದ ಮೇಲೆ. ಪುಣೆ ಕಡೆ ಇದನ್ನೇ ಹುರ್ಡಾ ಪಾರ್ಟಿ ಎಂದು ಈಗ ಟಿಕೆಟ್ ಇಟ್ಟು ತಿನ್ನಿಸುತ್ತಾರೆ.

ಅಷ್ಟರಲ್ಲಿ ಒಬ್ಬರು ತಟ್ಟೆ ಹಿಡಿದು ‘ಅಪ್ಪಟ ಗೋವಾ ರುಚಿ’ ಎಂದರು. ಕಾಫ್ರೆಯಾಲ್ ಕೋಳಿ: ಪೋರ್ಚುಗೀಸರ ಹಡಗಿನಲ್ಲಿ ಮೊಜಾಂಬಿಕ್‌ನಿಂದ ಬಂದದ್ದು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಫೆನಿಯ ಗೇರು ಬ್ರೆಜಿಲ್‌ನದು. ಪಾವ್ ಪೋರ್ಚುಗೀಸರದೇ. ಬದಿಯಲ್ಲಿದ್ದ ಸೌತೆಕಾಯಿ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬಂದದ್ದು. ಇಡೀ ತಟ್ಟೆಯಲ್ಲಿ ಘಾಂಟಿ ಎಂದರೆ ಆ ಸೌತೆಕಾಯಿಯೊಂದೇ. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿ ತರಕಾರಿ ಲಾರಿಗಳು ನಿಂತಾಗ, ಅದೇ ಸೌತೆಕಾಯಿ ಯಾವಾಗ ಬರುತ್ತದೋ ಎಂದು ಎಲ್ಲರೂ ಘಟ್ಟದ ಕಡೆಗೇ ನೋಡುತ್ತಿದ್ದರು.

ಮಾತು ಕಟ್ಟಡಗಳ ಕಡೆ ಹೊರಳಿತು. ಗೋವಾ ಹಾಳಾಗುತ್ತಿದೆ, ಸಿಕ್ಕಸಿಕ್ಕವರೆಲ್ಲ ಬಂದು ತುಂಬುತ್ತಿದ್ದಾರೆ ಎಂದು ಗುರುಗ್ರಾಮದವರೊಬ್ಬರು ಈಜುಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಹೇಳಿದರು. ಬಂದು ಮೂರು ತಿಂಗಳಂತೆ.

ನನಗೆ ಬೈನಾ ನೆನಪಾಯಿತು. 2004ರ ಜೂನ್. ವಾಸ್ಕೋದ ಆ ಕಡಲತೀರದಲ್ಲಿ ಬುಲ್ಡೋಜರ್ ತಂದು ಗುಡಿಸಲು ಕೆಡವಿದ್ದು ಮಳೆಗಾಲದಲ್ಲಿ. ಅಲ್ಲಿ ಕನ್ನಡದವರು ಬಹಳ ಇದ್ದರು. ಆಮೇಲೂ ಕೆಡವಿದರು. ತಗಡಿನ ಕೆಳಗೆ ಸಂಸಾರ ಹೂಡಿದರೆ ಅತಿಕ್ರಮಣ, ಗುಡ್ಡ ಕೊರೆದು ಈಜುಕೊಳ ಕಟ್ಟಿದರೆ ಜೀವನಶೈಲಿ. ಆ ಈಜುಕೊಳದ ಚೀರೆಕಲ್ಲು ಹೊತ್ತವರು ಯಾರು? ಟೈಲ್ಸ್ ಕೂರಿಸಿದವರು ಯಾರು? ಕಟ್ಟುವವರೆಗೆ ಬೇಕು, ಕಟ್ಟಿದ ಮೇಲೆ ಕಣ್ಣಿಗೆ ಬೀಳಬಾರದು. ಬೇಜಾರಾಗಿದೆ ಸ್ವಾಮಿ, ಇಪ್ಪತ್ತೆಂಟು ವರ್ಷದಿಂದ ಇದನ್ನೇ ನಗುನಗುತ್ತಾ ಬರೆದು ಬರೆದು.

ಬಾಡಿಗೆಯವರು ಪೊಲೀಸ್ ಫಾರ್ಮು ತುಂಬಬೇಕಲ್ಲ, ನೀವು ತುಂಬಿದಿರಾ ಎಂದು ಗುರುಗ್ರಾಮದವರನ್ನು ಕೇಳಿದೆ. ‘ಅಂಥದ್ದೂ ಇದೆಯಾ? ಬ್ರೋಕರ್ ನೋಡಿಕೊಂಡಿರಬೇಕು’ ಎಂದರು.

ರೋಣದವಳ ಬ್ರೋಕರ್ ನಾನೇ. ತಗಡಿನ ಕೋಣೆಯ ಮಾಲೀಕ ಫಾರ್ಮಿಲ್ಲದೆ ಇನ್ನೊಂದು ದಿನವೂ ಇರಗೊಡುವುದಿಲ್ಲ ಎಂದಿದ್ದನಂತೆ. ಮರುದಿನ ಬೆಳಿಗ್ಗೆ ಇಬ್ಬರೂ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಅವಳ ಸೀರೆಯಲ್ಲಿ ಇನ್ನೂ ಹೊಗೆಯ ವಾಸನೆ. ಹೆಸರು, ಗಂಡನ ಹೆಸರು, ಊರು, ತಾಲೂಕು, ಆಧಾರ್ ನಂಬರು, ಎರಡು ಫೋಟೊ. ಕೆಳಗೆ, ಗೋವಾದಲ್ಲಿ ನಿಮ್ಮನ್ನು ಬಲ್ಲ ಇಬ್ಬರ ಹೆಸರು.

‘ಇಲ್ಲಿ ನಿನಗ ಯಾರ್ ಗೊತ್ತವ್ವಾ?’ ಎಂದೆ.

‘ನಿನ್ನೆ ನಲವತ್ತ್ ಮಂದಿಗೆ ಉಣ್ಣಾಕ ಹಾಕೀನಲ್ರೀ’ ಎಂದಳು. ‘ಅವ್ರನ್ನ ಬರೀರಿ.’

ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ನನ್ನದು ಬರೆದೆ. ಎರಡನೆಯದಕ್ಕೆ ಝೆರಾಕ್ಸ್ ಅಂಗಡಿಯವನನ್ನು ಕೇಳಿದೆ. ಅವನು ಇಳಕಲ್ಲಿನವನು. ಹೆಸರು ಕೊಟ್ಟ, ಝೆರಾಕ್ಸಿನ ಎರಡು ರೂಪಾಯಿ ಮಾತ್ರ ಬಿಡಲಿಲ್ಲ.