ಪರ-ವಿರೋಧ: ಸ್ನಾಯುವಿನ ಶಕ್ತಿ ಹೆಚ್ಚಿಸಲು ಮಾತ್ರೆ ಬೇಕೇ?

ಪರ

ದಾವಣಗೆರೆಯ ಜಿಮ್‌ಗೆ ಹೋಗುವ ಹುಡುಗರ ಚೀಲದಲ್ಲಿ ವಿಟಮಿನ್ ಡಬ್ಬಿ ಕಂಡ ಕೂಡಲೇ ಮೂಗು ಮುರಿಯುವುದು ತರವಲ್ಲ. ಸ್ನಾಯುಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ಹುಟ್ಟಿಸುವ ಕಿಣ್ವಗಳು ಬರಿಗೈಯಲ್ಲಿ ದುಡಿಯುವುದಿಲ್ಲ. ಗ್ಲೂಕೋಸ್ ಒಡೆದು ಬಂದ ಪೈರುವೇಟನ್ನು ಮುಂದಿನ ಹಂತಕ್ಕೆ ಸಾಗಿಸುವ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಥಯಮಿನ್, ಅಂದರೆ ವಿಟಮಿನ್ ಬಿ1, ಬೇಕೇ ಬೇಕು. ಅದು ತೀರಾ ಕಡಿಮೆಯಾದರೆ ಪೈರುವೇಟ್ ಪೂರ್ತಿ ಶಕ್ತಿ ಕೊಡದೆ ಲ್ಯಾಕ್ಟೇಟ್ ಆಗಿಬಿಡುತ್ತದೆ, ಕಾಲು ಬೇಗ ಸೋಲುತ್ತದೆ. ಬೆಳ್ಳನೆಯ ಅಕ್ಕಿಯ ಆಸೆಗೆ ತೌಡಿನ ಜೊತೆ ಬಿ1 ಅನ್ನೂ ಕಳೆದುಕೊಳ್ಳುವವರು ನಾವು.

ಕಬ್ಬಿಣದ ವಿಷಯ ಇನ್ನೂ ಗಂಭೀರ. ಅದು ಹಿಮೋಗ್ಲೋಬಿನ್ನಿಗಷ್ಟೇ ಅಲ್ಲ, ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಗೆ ನೆರವಾಗುವ ಸೈಟೋಕ್ರೋಮ್ ಎಂಬ ಪ್ರೋಟೀನುಗಳಿಗೂ ಬೇಕು. ಓಟದ ಅಭ್ಯಾಸಕ್ಕೆ ಬಂದ ಹುಡುಗಿ ಎರಡೇ ಸುತ್ತಿಗೆ ಏದುಸಿರು ಬಿಟ್ಟು ಕುಳಿತರೆ ಸೋಮಾರಿ ಎಂದು ಗದರಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಕಂಡರೆ ವೈದ್ಯರು ಹೇಳಿದ ಮಾತ್ರೆ ಕೊಡಿಸಿ.

ವಿರೋಧ

ಕೊರತೆ ಇದ್ದವರ ಮಾತು ಒಪ್ಪಿದೆ. ಆದರೆ ಪರೀಕ್ಷೆಯ ಗೊಡವೆಯೇ ಇಲ್ಲದೆ, ಪಕ್ಕದವನು ತಿನ್ನುತ್ತಾನೆಂದು ಡಬ್ಬಿ ಕೊಳ್ಳುವವರ ಗತಿಯೇನು?

ಕಿಣ್ವಗಳು ಪ್ರೋಟೀನುಗಳು. ಅವನ್ನೇ ನುಂಗಿದರೂ ಹೊಟ್ಟೆ, ಕರುಳುಗಳಲ್ಲಿ ಜೀರ್ಣವಾಗುತ್ತವೆಯೇ ಹೊರತು ತೊಡೆಯ ಸ್ನಾಯುವಿಗೆ ಹೋಗಿ ಕೂರುವುದಿಲ್ಲ. ಸ್ನಾಯು ತನ್ನ ಕಿಣ್ವಗಳನ್ನು ತಾನೇ ಕಟ್ಟಿಕೊಳ್ಳಬೇಕು, ಕಟ್ಟಿಸುವುದು ದುಡಿಮೆ. 1967ರಲ್ಲಿ ಅಮೆರಿಕದ ಸಂಶೋಧಕ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಾ ಕಿಣ್ವಗಳ ಚಟುವಟಿಕೆ ಸುಮಾರು ಎರಡು ಪಟ್ಟಾದದ್ದನ್ನು ತೋರಿಸಿದರು. ಮಾತ್ರೆಯಿಂದಲ್ಲ, ಓಟದಿಂದ!

ದುಗ್ಗಮ್ಮನ ಜಾತ್ರೆಯ ಕುಸ್ತಿಗೆಂದು ಗರಡಿಯಲ್ಲಿ ಬಸ್ಕಿ ಹೊಡೆಯುವ ಹುಡುಗನನ್ನು ನೋಡಿ. ತೊಡೆ ನಡುಗುತ್ತಿರುತ್ತದೆ, ಬೆವರು ಮಟ್ಟಿಯ ಮಣ್ಣಿಗೆ ತೊಟ್ಟಿಕ್ಕುತ್ತಿರುತ್ತದೆ. ಒಳಗೆ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಏರುತ್ತದೆ. ಅದನ್ನು ಗುರುತಿಸಿ ಎಎಂಪಿಕೆ ಎಂಬ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ, ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು ಕೆಲಸಕ್ಕೆ ಹಚ್ಚುತ್ತದೆ, ಹೊಸ ಮೈಟೊಕಾಂಡ್ರಿಯಾ ಕಟ್ಟುವ ಜೀನ್‌ಗಳು ಚುರುಕಾಗುತ್ತವೆ. ದಣಿವೇ ಇಲ್ಲಿ ಸಂದೇಶ. ವ್ಯಾಯಾಮದ ವೇಳೆ ಹುಟ್ಟುವ ಆಕ್ಸಿಡೆಂಟ್‌ಗಳೆಂಬ ಚುರುಕು ರಾಸಾಯನಿಕಗಳೂ ಆ ಸಂದೇಶದ ಭಾಗ. ವಿಟಮಿನ್ ಸಿ, ಇ ಅವನ್ನೇ ತಣ್ಣಗಾಗಿಸುತ್ತವೆ.

ಸಿಟ್ಟು ಬರುವುದು ಇಲ್ಲೇ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಕೆಲವರಿಗೆ ದಿನವೂ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟಿದ್ದರು. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಗುಣ ಸುಧಾರಿಸಿತು, ಪಿಜಿಸಿ-1 ಆಲ್ಫಾ ಕೂಡ ಏರಿತು. ನುಂಗಿದವರಲ್ಲಿ ಆ ಲಾಭವೇ ಕಾಣಲಿಲ್ಲ. ದುಡ್ಡು ಕೊಟ್ಟು ಬೆವರಿನ ಫಲವನ್ನೇ ಕಳೆದುಕೊಂಡಂತಾಯಿತು. ಗರಡಿಯ ಹುಡುಗ ಆ ದುಡ್ಡಿಗೆ ಹಾಲು, ಮೊಟ್ಟೆ, ಮೊಳಕೆ ಕಾಳು ತಿನ್ನಲಿ, ಉಸ್ತಾದರು ಹೇಳಿದ ದಿನ ವಿಶ್ರಾಂತಿ ಪಡೆಯಲಿ.